ಸಾಕ್ಷಿ ಹೇಳಲಾರೆ

ಶಿರಸಿ
೧೧-೨-೨೦೨೫, ಮಂಗಳವಾರ

ಪ್ರೀತಿಯ ಸಿಸಿಲಿ,

ನೀನು ಫೋನ್ ಎತ್ತುತ್ತಿಲ್ಲ. ಎತ್ತಬೇಡ. ಭೂಮಿಕಾ ಮಲಗಿದ್ದಾಳೆ, ಏಳುವುದರೊಳಗೆ ಇದನ್ನು ಬರೆದು ಟಪಾಲಿಗೆ ಹಾಕಬೇಕು. ಅಕ್ಷರ ಅಡ್ಡಾದಿಡ್ಡಿಯಾದರೆ ಕ್ಷಮಿಸು. ಹೊತ್ತುಗೊತ್ತಿಲ್ಲದೆ ಮಗುವಿನ ತಲೆಯ ಹಿಂದೆ ಚಮಚ ಬಡಿದು ನೋಡುವವಳಿಗೆ ನಿದ್ದೆ ಎಲ್ಲಿಂದ?

ಕ್ಷಮೆ ಕೇಳಬೇಕಾದದ್ದು ಅಕ್ಷರಕ್ಕಲ್ಲ.

ಭಾನುವಾರ ಎಷ್ಟು ಖುಷಿಯಿಂದ ಬಂದಿದ್ದೆ ನೀನು! ಹುಟ್ಟಿದಾಗ ಪರೀಕ್ಷೆಯಲ್ಲಿ ಎರಡೂ ಕಿವಿ ಫೇಲಾಗಿದ್ದ ಮಗು ಈಗ ಪಾಸಾಗಿದೆ, ನೀನು ನಲವತ್ತು ದಿನ ಮೊಣಕಾಲೂರಿ ಪ್ರಾರ್ಥಿಸಿದ್ದು ಸಾರ್ಥಕವಾಯಿತು, ಬರುವ ಭಾನುವಾರ ನಿಮ್ಮ ಪ್ರಾರ್ಥನಾಕೂಟದಲ್ಲಿ ತಾಯಿಯಾದ ನಾನೇ ಎದ್ದು ನಿಂತು ಈ ಪವಾಡಕ್ಕೆ ಸಾಕ್ಷಿ ಹೇಳಬೇಕು ಅಂದೆ. ಪವನ್ ಸುಮ್ಮನಿರುತ್ತಾರೆಯೇ? ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಬಾಯಿ. "ಮೊದಲ್ನೇ ಸಲ ಮಷಿನ್ನೇ ಕೆಟ್ಟಿತ್ತು ಸಿಸಿಲಿಯವ್ರೇ. ನಿಮ್ಮ ಯೇಸು ಬಂದು ಬ್ಯಾಟರಿ ಬದಲಿಸಿದ್ನೇನು?" ಅಂದರು. ನೀನು ಬಿಡಲಿಲ್ಲ. "ಬದಲಿಸಿದ್ರೂ ಬದಲಿಸಿದ ಮಾರಾಯ್ರೇ, ಅದೂ ಪವಾಡವೇ. ನಿಮ್ಮ ಶಾಲೆ ಲ್ಯಾಬಿನ ಬ್ಯಾಟರಿ ಬದಲಿಸೋಕೆ ಸರ್ಕಾರದ ಕೈಲೂ ಆಗ್ಲಿಲ್ಲ!" ಅತ್ತೆ ಶಾರದವ್ವನಿಗೆ ನಗು ತಡೆಯಲಿಲ್ಲ. "ಯಾವ ದೇವ್ರರೆ ಇರ್ಲಿ, ಯಾವ ಮಷಿನ್ನರೆ ಇರ್ಲಿ, ದನಿ ತಗ್ಗಸ್ರಿ. ಕೂಸು ಎದ್ದೀತು."

ಕೂಸು ಏಳಲಿಲ್ಲ. ಬಲಮಗ್ಗುಲಾಗಿ ಮಲಗಿತ್ತು.

"ಹೇಳ್ತಿ ತಾನೇ ದಾಕ್ಷಿ?" ಎಂದು ನೀನು ಮತ್ತೆ ಕೇಳಿದೆ. ಆಗ ನನ್ನ ಬಾಯಿಂದ ಅದು ಬಂತು: ನಿನ್ನ ದೇವರು ಪವಾಡ ಮಾಡುವವನಾದರೆ ನಿನ್ನ ರೋಶನ್‌ಗೆ ಯಾಕೆ ಮಾಡಲಿಲ್ಲ?

ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಹತ್ತೊಂಬತ್ತೇ ದಿನ ಇದ್ದುಹೋದ ನಿನ್ನ ಮಗ. ನೀನು ಲೋಟ ಕೆಳಗಿಟ್ಟೆ. ಭೂಮಿಕಾಳ ಪಾದ ಒಮ್ಮೆ ಮುಟ್ಟಿ ಹೊರಟುಹೋದೆ. "ಅದನ್ನು ನಾನೂ ಕೇಳ್ತಿರಲಿಲ್ಲ" ಎಂದು ಪವನ್ ಹೇಳಿದ್ದು ನಿನಗೆ ಗೊತ್ತಾಗಲಿ.

ಕಾಲೇಜಿನಲ್ಲಿ ಮೂರು ವರ್ಷ ಇದೇ ವಾದ ಮಾಡುತ್ತ ಒಂದೇ ಡಬ್ಬಿಯಲ್ಲಿ ಉಂಡವರು ನಾವು. ಆದರೆ ಭಾನುವಾರ ನಾನು ವಾದ ಮಾಡಲಿಲ್ಲ ಸಿಸಿಲಿ. ಸಾಕ್ಷಿ ಹೇಳುವುದರಿಂದ ತಪ್ಪಿಸಿಕೊಳ್ಳಲು ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆದೆ. ಸಿಕ್ಕಿದ್ದು ನಿನ್ನ ಮಗುವಾಗಿತ್ತು.

ಕ್ಷಮಿಸಲೇಬೇಕೆಂದಿಲ್ಲ. ಕೂಟದವರ ಮುಂದೆ ನನ್ನ ಹೆಸರು ಹೇಳುವ ಮೊದಲು ಕೆಳಗಿನದನ್ನೂ ಓದು.

ನಿನ್ನ ಡಬ್ಬಿಯ ಪಾಲುಗಾತಿ,
ದಾಕ್ಷಾಯಿಣಿ

ತಾ.ಕ.: ಎರಡನೇ ಪರೀಕ್ಷೆಯಲ್ಲಿ ಪಾಸಾದದ್ದು ಬಲಗಿವಿ ಮಾತ್ರ. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತಿದ್ದಾಗಲೇ ಪವನ್ ಫೋನು, ಅದರ ಬೆನ್ನಿಗೇ ನಿನ್ನದು. ಇಬ್ಬರಿಗೂ "ಪಾಸು" ಎಂದುಬಿಟ್ಟೆ. ವರದಿ ಕೂಸಿನ ಬಟ್ಟೆಗಳ ಅಡಿಯಲ್ಲಿದೆ. ಆಗದೇ ಇದ್ದದ್ದನ್ನು ಮಾಡಿದವರು ಯಾರೆಂದು ನೀವಿಬ್ಬರೂ ಜಗಳವಾಡಿದಿರಿ. ಪವನ್ ಇವತ್ತು ಶಾಲೆಯಿಂದ ಬಂದ ಕೂಡಲೇ ಹೇಳುತ್ತೇನೆ. ಇಪ್ಪತ್ತನೇ ತಾರೀಖು, ಗುರುವಾರ, ಹುಬ್ಬಳ್ಳಿಯಲ್ಲಿ ದೊಡ್ಡ ಪರೀಕ್ಷೆ. ಪ್ರಾರ್ಥಿಸು ಎನ್ನುವ ಮುಖ ನನಗಿಲ್ಲ. ಆದರೆ ನಿಮ್ಮ ಯಲ್ಲಾಪುರದ ಮೇಲೆ ಹೋಗುವ ಬಸ್ಸನ್ನೇ ಹತ್ತುತ್ತೇನೆ. ನೀನೂ ಜೊತೆಗೆ ಬಂದರೆ, ಅವಳ ಎಡಗಡೆ ಕೂತು ಮಾತಾಡಿಸುತ್ತಿರು.