ನಲವತ್ತೊಂದನೇ ಕುರ್ಚಿಯ ಹಾಜರಿ

ಮಾರ್ಚ್ ೧೪, ಶನಿವಾರ

ಇವತ್ತೂ ಮೈಕಿನಲ್ಲಿ ಓದಿದೆ: "ಇಂದಿನ ಪಂದ್ಯಕ್ಕೆ ಬಂದವರು ಒಂಬತ್ತು ಸಾವಿರದ ನಾನೂರ ಹನ್ನೆರಡು ಮಂದಿ." ಕಣ್ಣಿಗೆ ಕಂಡವರು ಅದರ ಅರ್ಧವೂ ಇರಲಿಲ್ಲ. ನಮ್ಮ ಫುಟ್‌ಬಾಲ್ ಕ್ಲಬ್ಬಿನಲ್ಲಿ ವರ್ಷದ ಪಾಸ್ ಕೊಂಡವರು ಬರಲಿ ಬಿಡಲಿ, ಬಂದ ಹಾಗೇ ಲೆಕ್ಕ.

ಪಂದ್ಯಕ್ಕೆ ಮುಂಚೆ ನನ್ನ ಟಿಕೆಟ್ ಕೌಂಟರಿಗೆ ನಲವತ್ತೊಂದನೇ ಕುರ್ಚಿಯ ಟೈಲರ್ ತಾತನ ಮಗಳು ಬಂದಿದ್ದಳು. ಪಾಸ್ ಮುಂದಿಟ್ಟು, "ಅಪ್ಪ ತೀರಿಕೊಂಡು ಮೂರು ತಿಂಗಳಾಯ್ತು ಸಾರ್. ದುಡ್ಡು ವಾಪಸ್ ಸಿಗುತ್ತಾ?" ಅಂದಳು.

ಬಾಯಿ ತಪ್ಪಿ ಅಂದುಬಿಟ್ಟೆ: "ಅಯ್ಯೋ, ಇವತ್ತಿನವರೆಗೂ ಅವರು ಬಂದ ಹಾಗೇ ಲೆಕ್ಕ ಹಾಕ್ತಿದ್ದೀವಲ್ಲಮ್ಮ."

ಅವಳು ಪಾಸನ್ನು ಮತ್ತೆ ಪರ್ಸಿಗೆ ಹಾಕಿಕೊಂಡಳು. "ಹಾಗಾದ್ರೆ ಇರಲಿ ಬಿಡಿ. ಬರ್ತಾ ಇರಲಿ."

ಸಂಜೆ ಮ್ಯಾನೇಜರ್ ಬೆನ್ನು ತಟ್ಟಿದರು. "ಜನ ಕಮ್ಮಿಯಾಗಿಲ್ಲ ನೋಡಿ. ಪಾಸಿನ ದರ ಏರಿಸೋಣ, ಗೋಲ್‌ಕೀಪರ್ ಒಪ್ಪಂದಕ್ಕೂ ದುಡ್ಡಾಗುತ್ತೆ." ನಾನು ತಲೆಯಾಡಿಸಿದೆ. ದರಿದ್ರ ತಲೆ.

ದರ ಏರಿದರೆ ಮುಂದಿನ ವರ್ಷ ಅಪ್ಪನ ಹೆಸರಿನ ಪಾಸನ್ನು ಅವಳ ಕೈಲಿ ಕೊಳ್ಳೋಕಾಗಲ್ಲ. ತಾತನನ್ನು ಆ ಕುರ್ಚಿಯಿಂದ ನಾನೇ ಎಬ್ಬಿಸಬೇಕು.

ನಿದ್ದೆ ಹತ್ತುತ್ತಿಲ್ಲ. ಖಾಲಿ ಕುರ್ಚಿಗಳೇ ಕಣ್ಣಿಗೆ ಕಟ್ಟುತ್ತಿವೆ. ಬೇಜಾರಾಗಿ ಬರದೇ ಹೋದವರು ಎಷ್ಟು ಜನ, ತಾತನ ಹಾಗೆ ತೀರಿಕೊಂಡ ಮೇಲೂ ಪ್ರತಿ ಪಂದ್ಯಕ್ಕೂ ಬರುತ್ತಿರುವವರು ಎಷ್ಟು ಜನ?