ಸ್ನಾನದ ಪಾಳಿ

ಬಳ್ಳಾರಿ
ವೈಶಾಖ, ೧೮೯೦

ತೀರ್ಥರೂಪ ಸಮಾನರಾದ ಮಾವನವರಿಗೆ ಹನುಮೇಶನ ಸಾಷ್ಟಾಂಗ ನಮಸ್ಕಾರಗಳು.

ಹೆರಿಗೆಗೆಂದು ಸಿರುಗುಪ್ಪಕ್ಕೆ ಬರುವಾಗ ನಿಮ್ಮ ಮಗಳು ಹಿತ್ತಲ ಗಿಡಗಳನ್ನು ನನಗೆ ಒಪ್ಪಿಸಿದ್ದಳು. ಒಂದೂ ಒಣಗಿಲ್ಲವೆಂದು ಆಕೆಗೆ ತಿಳಿಸಬೇಕು. ಗಿಡಗಳಿಗೆಂದು ಬೇರೆ ನೀರು ಸೇದುವ ಶ್ರಮ ನನ್ನಿಂದಾಗದು. ದಿನಕ್ಕೊಂದು ಗಿಡದ ಬುಡದಲ್ಲಿ ನಿಂತು ಸ್ನಾನ ಮಾಡುತ್ತೇನೆ. ತುಳಸಿಗೆ ಮಾತ್ರ ಮಡಿನೀರು. ನೆರೆಮನೆಯ ವೆಂಕೂಬಾಯಿಯವರು ಗೋಡೆಯಾಚೆಯಿಂದ, "ಇವತ್ತು ಯಾವ ಗಿಡದ ಪಾಳಿ ಅದರೀ?" ಎಂದು ಕೇಳುತ್ತಾರೆ.

ನಿನ್ನೆ ಬೆಳಿಗ್ಗೆ ಬದನೆಯ ಪಾಳಿ ಮುಗಿದಿತ್ತು. ಸಂಜೆ ಕಚೇರಿಯಿಂದ ಬಂದಾಗ, ಹೆಣ್ಣುಮಗು ಹುಟ್ಟಿದೆಯೆಂಬ ನಿಮ್ಮ ಕಾಗದ ಕಾದಿತ್ತು. ಸುದ್ದಿ ತಿಳಿದ ತಂದೆ ಉಟ್ಟ ಬಟ್ಟೆಯಲ್ಲೇ ಸ್ನಾನ ಮಾಡಬೇಕಲ್ಲ. ಕೋಟು ರುಮಾಲಿನ ಸಮೇತ ಬಾವಿಗೆ ಓಡಿದೆ. ಶಾಸ್ತ್ರಕ್ಕೆ ಒಂದು ಕೊಡ ಸಾಕಿತ್ತು. ತುಳಸಿಯನ್ನು ಬಿಟ್ಟು, ಪ್ರತಿ ಗಿಡದ ಬುಡದಲ್ಲೂ ನಿಂತು ಒಂದೊಂದು ಕೊಡ ಸುರಿದುಕೊಂಡೆ.

ಎಷ್ಟು ಗಿಡಗಳಿವೆಯೆಂದು ನಿಮ್ಮ ಮಗಳಿಗೆ ಗೊತ್ತಿದೆ.

ಇಂತು ನಿಮ್ಮ ಅಳಿಯ,
ಹನುಮೇಶ