ಎರಡು ವರ್ಷದ ಓದು, ಒಂಬತ್ತು ವರ್ಷದ ಸಾಲ

ಮನೆಯಿಂದ, ಅಡುಗೆಮನೆಯ ಮೇಜು
ಮಾರ್ಚ್ ಹನ್ನೆರಡು, ಭಾನುವಾರ

ಪ್ರೀತಿಯ ಸೊಸೆಗೆ,

ಹೇಗಿದ್ದೀಯ? ಚೆನ್ನಾಗಿಯೇ ಇರುತ್ತೀಯ, ಬಿಡು. ಹಾಸ್ಟೆಲಿನ ಊಟಕ್ಕೆ ಸ್ವಲ್ಪ ಸೊರಗಿರುತ್ತೀಯ, ಸರಿಯಾಗಿ ನಿದ್ದೆ ಮಾಡುತ್ತಿಲ್ಲ, ಅದೂ ಗೊತ್ತು. ನನ್ನ ಮಂಡಿ ಹಾಗೇ ಇದೆ. ನಿನ್ನ ಗಂಡ ಲಿಫ್ಟ್ ರಿಪೇರಿಗೆ ಹೋಗುತ್ತಾನೆ, ಲಿಫ್ಟ್ ಕೆಟ್ಟಿರುವುದರಿಂದಲೇ ಕರೆದಿರುತ್ತಾರಲ್ಲ, ಮೆಟ್ಟಿಲು ಹತ್ತಿ ಹತ್ತಿ ಸುಸ್ತಾಗಿ ಬರುತ್ತಾನೆ.

ನಿನ್ನ ಕಾಗದ ಬಂತು. ಸಮಾಜಕಾರ್ಯದ ಎರಡು ವರ್ಷದ ಪದವಿಯನ್ನು ಮೊದಲ ವರ್ಷಕ್ಕೇ ಬಿಟ್ಟು ಚಪ್ಪಲಿ ಅಂಗಡಿಯ ಕ್ಯಾಶ್ ಕೌಂಟರಿಗೆ ಮರಳುತ್ತೇನೆ, ತಿಂಗಳ ಕೊನೆಯೊಳಗೆ ಕಾಲೇಜು ಬಿಡುವ ಅರ್ಜಿ ಕೊಡಬೇಕು ಎಂದು ಬರೆದಿದ್ದೀಯ. ನಿನ್ನ ಗಂಡ ಪೆನ್ಸಿಲ್ ಹಿಡಿದು ಲೆಕ್ಕಕ್ಕೆ ಕೂತ. ಪದವಿ ಆದಮೇಲೆ ಸಿಗುವ ಸಂಬಳ ಚಪ್ಪಲಿ ಅಂಗಡಿಯದಕ್ಕಿಂತ ಅಷ್ಟೇನೂ ಹೆಚ್ಚಲ್ಲವಂತೆ. ಈಗ ಬಿಟ್ಟರೆ ಓದಿನ ಸಾಲ ನಾಲ್ಕು ವರ್ಷಕ್ಕೆ ತೀರುತ್ತದೆ, ಮುಗಿಸಿದರೆ ಒಂಬತ್ತು ವರ್ಷ ಬೇಕು. ಲೆಕ್ಕ ತಪ್ಪಿಲ್ಲ ಕಣೇ. ತಪ್ಪಾಗಿದ್ದರೆ ನಾನೇ ಅವನ ಕಿವಿ ಹಿಂಡುತ್ತಿದ್ದೆ.

ನೀನು ಸೇರುವಾಗಲೇ ನಾನು ಬಡಕೊಂಡಿದ್ದೆನಲ್ಲ, ಕಂಡವರ ಕಷ್ಟಸುಖ ವಿಚಾರಿಸುವುದನ್ನು ಯಾರಾದರೂ ದುಡ್ಡು ಕೊಟ್ಟು ಕಲಿಯುತ್ತಾರಾ, ನಾನು ಜೀವನವಿಡೀ ಬಿಟ್ಟಿಯಾಗಿ ಮಾಡಿಕೊಂಡು ಬಂದಿಲ್ಲವಾ ಅಂತ. ನಿನ್ನ ಕಾಗದ ಓದಿದವಳೇ, ನೋಡು ನಾನು ಹೇಳಿರಲಿಲ್ಲವಾ ಎಂದು ಬರೆಯಲು ಪೆನ್ನು ಹುಡುಕುತ್ತಿದ್ದೆ. ಅಷ್ಟರಲ್ಲಿ ಮೇಲಿನ ಮನೆಯ ರಾಮಾಯಣ ಶುರುವಾಯಿತು.

ಅಲ್ಲಿ ಒಬ್ಬರೇ ಇರುವ ಗಡಿಯಾರ ರಿಪೇರಿಯ ಅಜ್ಜ ಗೊತ್ತಲ್ಲ, ಆಸ್ಪತ್ರೆಯಿಂದ ಬಂದವರೇ ಬಾಗಿಲು ಹಾಕಿಕೊಂಡರು. ಮಾತ್ರೆಯ ಪೊಟ್ಟಣವನ್ನು ಬಿಚ್ಚದೆ ಹಾಗೇ ಹೊರಗಿಟ್ಟಿದ್ದರು. ಸುಮ್ಮನಿರುವ ಹೆಂಗಸೇ ನಾನು? ಬಾಗಿಲ ಮುಂದೆ ನಿಂತು ಧೈರ್ಯ ಹೇಳಿದೆ. ನನ್ನ ಮಂಡಿಯ ಕಥೆ ಹೇಳಿದೆ. ಅವರದೇ ಸಕ್ಕರೆ ಕಾಯಿಲೆ ಬಂದಿದ್ದ ನನ್ನ ಚಿಕ್ಕಪ್ಪ ಎಷ್ಟು ಗಟ್ಟಿಯಾಗಿ ಎದುರಿಸಿದ ಎಂದು ಬಣ್ಣಿಸಿದೆ. ಬಣ್ಣಿಸುತ್ತಾ ಬಣ್ಣಿಸುತ್ತಾ ಚಿಕ್ಕಪ್ಪ ಸತ್ತೇ ಹೋದದ್ದೂ ಬಾಯಿಗೆ ಬಂದುಬಿಟ್ಟಿತು. ಒಳಗೆ ಮೇಲಿನ ಚಿಲಕವೂ ಬಿತ್ತು. ಮರುದಿನ ಬಾಗಿಲು ಬಿಚ್ಚಿಸಲೆಂದು ನಿನ್ನ ಗಂಡನನ್ನು ಸ್ಪಾನರ್ ಸಮೇತ ಎಳೆದುಕೊಂಡು ಹೋದೆ. ಅಜ್ಜ ಕಿಟಕಿಯಿಂದ ಕಳ್ಳರು ಕಳ್ಳರು ಎಂದು ಕೂಗಿ ಬೀದಿಯನ್ನೆಲ್ಲ ಸೇರಿಸಿದರು. ಮಾನ ಹರಾಜಾಯಿತು.

ಆಮೇಲೆ ಆಸ್ಪತ್ರೆಯಿಂದ ಒಬ್ಬಳು ಹುಡುಗಿ ಬಂದಳು, ನೀನು ಓದುತ್ತಿರುವುದನ್ನೇ ಓದಿದವಳು. ಬಾಗಿಲು ತಟ್ಟಿ, “ನಾನಿಲ್ಲೇ ಮೆಟ್ಟಿಲ ಮೇಲೆ ಕೂತಿರ್ತೀನಿ. ಒಳಗೆ ಬರ್ಲಾ ಬೇಡ್ವಾ, ನೀವೇ ಹೇಳಿ” ಅಂದಳು. ಅಷ್ಟೇ. ನಾನೂ ಪಕ್ಕದಲ್ಲಿ ಕೂತೆ. ನಾಲಿಗೆ ತುರಿಸುತ್ತಿತ್ತು. ಬಾಯಿ ತೆರೆದಾಗಲೆಲ್ಲ ಅವಳು ನನ್ನ ಕೈಯನ್ನು ಮೆಲ್ಲಗೆ ಒತ್ತುತ್ತಿದ್ದಳು. ಅಷ್ಟು ಹೊತ್ತು ಸುಮ್ಮನೆ ಕೂತದ್ದು ನನ್ನ ಜನ್ಮದಲ್ಲೇ ಇಲ್ಲ. ಕೊನೆಗೆ ಎರಡೂ ಚಿಲಕ ಸರಿದವು. ಅಜ್ಜ ಹೊಸ್ತಿಲಲ್ಲೇ ನಿಂತು, “ಯಾವ ಮಾತ್ರೆ ಯಾವುದೂಂತ ಕಾಣಲ್ಲಮ್ಮ. ಗಡಿಯಾರದ ಮುಳ್ಳು ಕೂರಿಸಿದ ಕಣ್ಣು ಇದು. ಯಾರ ಹತ್ರ ಹೇಳ್ಲಿ?” ಅಂದರು.

ನಾನು ಬಕೆಟ್ಟುಗಟ್ಟಲೆ ಧೈರ್ಯ ಸುರಿದಿದ್ದೆ, ಆ ಮನುಷ್ಯನಿಗೆ ಬೇಕಾಗಿದ್ದುದು ಕಣ್ಣಿನ ಡಾಕ್ಟರು! ಹುಡುಗಿ ಬೆಳಗಿನದು ರಾತ್ರಿಯದು ಎಂದು ಬೇರೆ ಬೇರೆ ಡಬ್ಬಿಗೆ ಮಾತ್ರೆ ಹಾಕಿಕೊಟ್ಟು, ಕಣ್ಣಾಸ್ಪತ್ರೆಗೆ ಅಲ್ಲೇ ಫೋನ್ ಮಾಡಿದಳು. ಕಷ್ಟಸುಖ ಕೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ನಿಜ. ಉತ್ತರ ಬರುವವರೆಗೆ ಕಾಯುವುದು ಬೇರೆಯೇ ವಿದ್ಯೆ, ಅದು ನನಗೆ ಯಾವತ್ತೂ ಬಂದಿರಲಿಲ್ಲ.

ಕೆಳಗಿಳಿದ ಮೇಲೆ ಕಾಫಿ ಕೊಟ್ಟು ವಿಚಾರಣೆ ಮಾಡಿದೆ, ನಿನ್ನ ಅತ್ತೆ ಬಿಡುತ್ತಾಳಾ? ಸಂಬಳ ಎಷ್ಟು, ಸಾಲ ಎಷ್ಟು, ಎಲ್ಲ ಕೇಳಿದೆ. ಅವಳು ಮುಚ್ಚುಮರೆ ಮಾಡಲಿಲ್ಲ, ಇನ್ನೂ ಕಂತು ಕಟ್ಟುತ್ತಿದ್ದಾಳಂತೆ. ಹೊಸದಾಗಿ ಶುರು ಮಾಡುವುದಾದರೆ ಇದನ್ನೇ ಓದುತ್ತೀಯಾ ಎಂದೆ. “ತಿಂಗಳ ಕೊನೇಲಿ ಕೇಳ್ಬೇಡಿ ಅಮ್ಮ, ಮೊದಲನೇ ವಾರ ಕೇಳಿ. ಓದ್ತೀನಿ ಅಂತೀನಿ” ಎಂದು ನಕ್ಕಳು.

ಸಾಲ ಹೂವಿನಷ್ಟು ಹಗುರ ಎಂದು ನಾನು ಸುಳ್ಳು ಹೇಳುವುದಿಲ್ಲ. ನೀನಿಲ್ಲದೆ ಮನೆ ಬಿಕೋ ಅನ್ನುತ್ತದೆ, ಬಂದುಬಿಡು ಎಂದು ಬರೆಯಲು ಕೈ ಚಡಪಡಿಸುತ್ತದೆ. ಆದರೂ ಬರೆಯುವುದಿಲ್ಲ. ನಿನಗೆ ಈ ಕೆಲಸ ಒಗ್ಗುತ್ತದೆ ಕಣೇ. ನನ್ನಂಥವಳ ಜೊತೆ ಮೂರು ವರ್ಷ ಬಾಳಿದ್ದೀಯ, ಇನ್ನೆಂಥ ಅನುಭವ ಬೇಕು?

ನಿನಗೆ ಒಳ್ಳೆಯದಾಗಲಿ, ಹೊಟ್ಟೆ ತುಂಬ ತಿನ್ನು. ನಿನ್ನ ಗಂಡ ನಿನ್ನನ್ನು ನೆನೆಸಿಕೊಳ್ಳುತ್ತಿರುತ್ತಾನೆ, ಹೇಗೆ ಎಂದು ಬರೆಯಲು ನನಗೆ ನಾಚಿಕೆ.

ಇತಿ,
ನಿನ್ನ ಬಾಯಿಬಡುಕಿ ಅತ್ತೆ

ತಾ.ಕ.: ಅವಸರದಲ್ಲಿ ಹೇಳಲು ಮರೆತೆ. ನಿಮ್ಮಿಬ್ಬರ ಕೋಣೆಯನ್ನು ರಾತ್ರಿಪಾಳಿಯ ನರ್ಸ್ ಒಬ್ಬಳಿಗೆ ಬಾಡಿಗೆಗೆ ಕೊಟ್ಟಿದ್ದೇನೆ, ಒಂದು ವರ್ಷದ ಕರಾರು. ಬಾಡಿಗೆಯೆಲ್ಲ ನಿನ್ನ ಸಾಲಕ್ಕೆ. ನಿನ್ನ ಗಂಡ ಸೋಫಾದಲ್ಲಿ ಮುದುಡಿ ಮಲಗುತ್ತಾನೆ. ಗೊಣಗುತ್ತಲೇ ಮತ್ತೆ ಲೆಕ್ಕ ಹಾಕಿದ, ಒಂಬತ್ತು ಎಂಟಾಗಿದೆ. ಅವಳು ಹಗಲು ಮಲಗುವುದರಿಂದ ನಾನು ದಿನವಿಡೀ ಬಾಯಿ ಮುಚ್ಚಿಕೊಂಡಿರಬೇಕು, ಯಾರ ಓದಿಗೆ ಯಾರಿಗೆ ಶಿಕ್ಷೆ ನೋಡು. ಅರ್ಜಿ ಬರೆದಿದ್ದರೆ ಹರಿದು ಹಾಕು. ಓದು ಮುಗಿಸದೆ ಬಂದರೆ ಈ ಮನೆಯಲ್ಲಿ ನಿನಗೆ ಮಲಗಲು ಜಾಗವಿಲ್ಲ.